ರಂಗೋಲಿ ಹಾಕದ ಬಾಗಿಲು

ಹನೂರು
12-6-1977

ಅಲ್ಲ ರತ್ನ, ರಂಗೋಲಿ ಹಾಕುವುದು ಹೆಂಗಸರದ್ದೇ ಕೆಲಸವೆಂದು ಯಾವ ರೂಲ್ಸ್ ಬುಕ್ಕಿನಲ್ಲಿ ಬರೆದಿದೆ ಹೇಳು. ನಿನ್ನೆಯಿಂದ ಈ ವಾದ ಹಾಲಿನ ಕೆಂಪಾಜಮ್ಮನ ಹತ್ತಿರ ನಡೆಯುತ್ತಿದೆ. ಅವಳು ಸೋಲುವುದೂ ಇಲ್ಲ, ಪೂರ್ತಿ ಕೇಳುವುದೂ ಇಲ್ಲ, ಹಾಲು ಹುಯ್ದು ಹೋಗಿಬಿಡುತ್ತಾಳೆ. ಅದಕ್ಕೇ ಉಳಿದರ್ಧ ವಾದವನ್ನು ನಿನ್ನ ಮೇಲೆ ಹಾಕುತ್ತಿದ್ದೇನೆ.

ಆದದ್ದು ಇಷ್ಟು. ನಿನ್ನ ಅತ್ತೆ ಚನ್ನಾಜಮ್ಮ ಹೋದ ಮೇಲೆ ಎದುರು ಮನೆ ಹುಡುಗಿ ನಮ್ಮ ಬಾಗಿಲಿಗೂ ಒಂದು ಎಳೆ ಹಾಕಿ ಹೋಗುತ್ತಿದ್ದಳಲ್ಲ, ಈ ಬೇಸಿಗೆಯಲ್ಲಿ ಅವಳಿಗೆ ಮದುವೆಯಾಗಿ ಕೊಳ್ಳೇಗಾಲಕ್ಕೆ ಹೋದಳು. ಬಾಗಿಲು ಬೋಳಾಯಿತು. ನಮ್ಮ ಬೀದಿ ನೀನು ಚಿಕ್ಕಂದಿನಿಂದ ನಮ್ಮ ಮನೆಯಲ್ಲಿದ್ದು ಬೆಳೆದ ಬೀದಿಯೇ, ನಿನಗೆ ಹೇಳಬೇಕಾಗಿಲ್ಲ. ಹೊತ್ತು ಮೇಲೆ ಬಂದರೂ ಹೊಸಲಿನ ಮುಂದೆ ರಂಗೋಲಿ ಇಲ್ಲವೆಂದರೆ ಒಳಗೆ ಏನೋ ಆಗಿದೆ ಎಂದೇ ಲೆಕ್ಕ. ನಿಂತು ವಿಚಾರಿಸದೆ ಯಾರೂ ಮುಂದೆ ಹೋಗುವಂತಿಲ್ಲ. ಹೂಗ್ಯಂನಿಂದ ಪಂಚೆ ಕೊಳ್ಳಲು ಬಂದವನು ಪಂಚೆ ಬಿಟ್ಟು ನನ್ನ ಮುಖ ನೋಡುತ್ತಾನೆ. ಪಾಲಾರ್ ಕಡೆಯ ತಮಿಳು ಹೆಂಗಸೊಬ್ಬಳು ಸೀರೆ ಆರಿಸುತ್ತಿದ್ದವಳು, ಮನೆಯಲ್ಲಿ ಯಾರು ಹೋದರು ಅಂತ ಅವಳ ಭಾಷೆಯಲ್ಲಿ ಕೇಳಿದಳು. ಏಳು ವರ್ಷದ ಹಿಂದೆ ನನ್ನ ಹೆಂಡತಿ ಹೋದಳಮ್ಮ ಎಂದು ಹೇಳಲಿಕ್ಕಾಗುತ್ತದೆಯೇ? ನಾನು ಇಟ್ಟಿರುವುದು ಜವಳಿ ಅಂಗಡಿ, ಕಂಡೋಲೆನ್ಸ್ ಮೀಟಿಂಗ್ ಅಲ್ಲ.

ಆದ್ದರಿಂದ ದಿ ಅಂಡರ್‌ಸೈನ್ಡ್ ತಾನೇ ಕೂತು ಹಾಕತೊಡಗಿದ. ಕೈ ನಡುಗುತ್ತದೆಂದು ಬಟ್ಟೆ ಅಳೆಯುವ ಮೀಟರ್ ಕೋಲನ್ನು ಇಟ್ಟುಕೊಂಡು ನೇರ ಗೆರೆ ಎಳೆಯುತ್ತೇನೆ. ಅಡ್ಡ ನಾಲ್ಕು, ಉದ್ದ ನಾಲ್ಕು. ಕೆಂಪಾಜಮ್ಮ ನೋಡಿ, "ಇದೇನ್ ಸಾವ್ಕಾರ್ರೆ, ಬಾಗ್ಲಿಗೆ ಚೌಕ್ಳಿ ಟವಲ್ ಆಸ್ದಂಗದೆ" ಅಂದಳು. ಇರಲಿ. ವಿಚಾರಿಸುವುದು ನಿಂತಿತು, ಅಷ್ಟು ಸಾಕು.

ಇವತ್ತು ಹುರುಳಿಕಾಳಿನ ಉಪ್ಪೆಸರು. ಖಾರಕ್ಕೆ ಒಣಮೆಣಸಿನಕಾಯಿ ಸುಟ್ಟು ಬೆಳ್ಳುಳ್ಳಿ ಇಟ್ಟು ನಾನೇ ಅರೆದೆ. ಮುದ್ದೆ ಮುರಿದು ಅದ್ದಿದರೆ ನೆತ್ತಿಗೆ ಹತ್ತಿತು. ಊಟ ಮುಗಿಸಿ ದವಡೆಗೆ ಒಂದು ಎಸಳು ಹೊಗೆಸೊಪ್ಪು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ, ಬೈಯಬೇಡ. ನಿಮ್ಮ ಹುಡುಗಿ ಬೊಂಬಾಯಿಯಲ್ಲಿ ಏನು ಕೆಲಸ ಮಾಡುತ್ತಾಳೆ ಎಂದು ಊರವರು ಕೇಳುತ್ತಾರೆ. ರಿಸರ್ಚ್ ಎನ್ನುತ್ತೇನೆ. ಹಾಗೆಂದರೆ ಏನು ಅಂದರೆ ಅಂಗಡಿಯಲ್ಲಿ ಕೆಲಸವಿದೆ ಎಂದು ಒಳಗೆ ಹೋಗುತ್ತೇನೆ. ಒಂದು ಸಲ ತಿಳಿಯುವ ಹಾಗೆ ಬರಿ.

ನಿನ್ನ ಮಾವ,
ವೃಷಭೇಂದ್ರಪ್ಪ


ಮುಂಬಯಿ
26-6-1977

ಮಾವ,

ರಂಗೋಲಿಗೆ ಮೀಟರ್ ಕೋಲು ಹಿಡಿದವರು ಈ ದೇಶದಲ್ಲಿ ನೀವೊಬ್ಬರೇ ಇರಬೇಕು. ಪಕ್ಕದ ಕೋಣೆಯ ಮರಾಠಿ ಹುಡುಗಿಗೆ ಓದಿ ಹೇಳಿದೆ. ನಕ್ಕೂ ನಕ್ಕು ಸುಸ್ತಾದಳು.

ನನ್ನ ಕೆಲಸ ಹೇಳುತ್ತೇನೆ. ನಮ್ಮ ಮೈ ಕಣ್ಣಿಗೆ ಕಾಣದ ಕೋಶಗಳಿಂದ ಆಗಿದೆ. ಒಂದೊಂದು ಕೋಶವೂ ಒಂದು ಮನೆ ಎಂದುಕೊಳ್ಳಿ. ಕೆಲವು ಮನೆಗಳಿಗೆ ವೈರಸ್ ನುಗ್ಗುತ್ತದೆ. ಕೆಲವು ತಾವೇ ಕೆಟ್ಟು, ಮಿತಿಯಿಲ್ಲದೆ ಬೆಳೆದು, ಕ್ಯಾನ್ಸರ್ ಆಗುತ್ತವೆ. ಇವನ್ನು ಕಾಯಲು ರಕ್ತದಲ್ಲಿ ಬಿಳಿ ಕಣಗಳು ತಿರುಗುತ್ತಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ಮೊದಲು ಪಾಠ ಆಗಬೇಕು, ಒಮ್ಮೆ ಕಂಡ ರೋಗವನ್ನು ಮಾತ್ರ ಎರಡನೆಯ ಸಲ ಬೇಗ ಹಿಡಿಯುತ್ತವೆ. ನನ್ನ ತೋಳಿಗೆ ನೀವು ಹಾಕಿಸಿದ ಸಿಡುಬಿನ ಚುಚ್ಚುಮದ್ದು ಅಂಥ ಪಾಠವೇ. ಆದರೆ ಇನ್ನು ಕೆಲವಕ್ಕೆ ಯಾರೂ ಏನೂ ಕಲಿಸಿರುವುದಿಲ್ಲ. ಹಾಗಿದ್ದೂ ಕೆಟ್ಟ ಕೋಶ ಎದುರಾದರೆ ಮೊದಲ ಸಲವೇ ಹೋಗಿ ಅಂಟಿಕೊಂಡು ಕೊಂದುಬಿಡುತ್ತವೆ. ಮಗ್ಗುಲಲ್ಲಿರುವ ಒಳ್ಳೆಯ ಕೋಶವನ್ನು ಮುಟ್ಟುವುದಿಲ್ಲ. ಎರಡು ವರ್ಷದ ಹಿಂದೆ ಹೊರದೇಶದವರು ಇವಕ್ಕೆ ನ್ಯಾಚುರಲ್ ಕಿಲ್ಲರ್ ಎಂದು ಹೆಸರಿಟ್ಟರು.

ನಾನು ಮಾಡುವುದು ಇಷ್ಟು. ಸೀಸೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ವಿಕಿರಣ ಇರುವ ಒಂದು ಉಪ್ಪು ಕುಡಿಸಿ, ನಮ್ಮ ರಕ್ತದ ಈ ಕಣಗಳ ಜೊತೆ ಬಿಡುತ್ತೇನೆ. ಕೋಶ ಸತ್ತು ಒಡೆದರೆ ಉಪ್ಪು ನೀರಿಗೆ ಬರುತ್ತದೆ, ಎಷ್ಟು ಬಂತೆಂದು ಯಂತ್ರ ಹೇಳುತ್ತದೆ. ಸತ್ತದ್ದು ತಿಳಿಯುತ್ತದೆ ಮಾವ, ಗುರುತು ಹಿಡಿದದ್ದು ಹೇಗೆಂದು ತಿಳಿಯುವುದಿಲ್ಲ. ಕೆಟ್ಟ ಕೋಶದ ಮೈಮೇಲೆ ಏನೋ ಕೆಟ್ಟ ಗುರುತು ಇರಬೇಕೆಂದು ಹುಡುಕುತ್ತಿದ್ದೇವೆ. ಒಂದರ ಮೇಲೆ ಸಿಕ್ಕಿದ್ದು ಇನ್ನೊಂದರ ಮೇಲೆ ಸಿಗುವುದಿಲ್ಲ.

ಹೊಗೆಸೊಪ್ಪಿಗೆ ಬೈಯಬೇಡ ಅಂದಿರಿ. ಇಲ್ಲಿ ಪಕ್ಕದ ಆಸ್ಪತ್ರೆಗೆ ಬಾಯಿ ಹುಣ್ಣಾಗಿ ಬರುವವರನ್ನು ದಿನವೂ ನೋಡುತ್ತೇನೆ. ಬಹಳ ಜನ ಅದನ್ನು ದವಡೆಯಲ್ಲಿ ಇಟ್ಟುಕೊಂಡವರೇ. ಬೈಯುವುದಿಲ್ಲ. ಬಿಟ್ಟುಬಿಡಿ, ಅಷ್ಟೇ.

ನಿಮ್ಮ
ರತ್ನ


ಹನೂರು
17-7-1977

ಮಗಳೇ ರತ್ನ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಎಷ್ಟು ಸಲ ಓದಿದೆನೋ. ಮೊದಲ ಸಲ ಅರ್ಥವಾಗಲಿಲ್ಲ, ಎರಡನೆಯ ಸಲ ಅರ್ಥವಾಯಿತೆಂದು ಭಯವಾಯಿತು. ನಮ್ಮ ಮೈಯೊಳಗೇ ಕಿಲ್ಲರ್‌ಗಳು ಓಡಾಡುತ್ತಾರೆಂದರೆ ಯಾರಿಗೆ ನಿದ್ದೆ ಬರುತ್ತದೆ.

ಆಮೇಲೆ ಒಂದು ಯೋಚನೆ ಬಂತು. ನೀನು ನಗುವುದಾದರೆ ನಗು. ನಿನಗೆ ಗೊತ್ತಲ್ಲ, ಈ ಕಡೆಯೆಲ್ಲ ಮದರಾಸಿಗೆ ಸೇರಿದ್ದಾಗ ನಾನು ಕೊಯಮತ್ತೂರಿನಲ್ಲಿ ಇಂಟರ್‌ಮೀಡಿಯೆಟ್‌ಗೆ ಕೂತವನು. ಅಲ್ಲಿ ಲಾಜಿಕ್ ಹೇಳುತ್ತಿದ್ದ ಅಯ್ಯಂಗಾರ್ ಮೇಷ್ಟ್ರು, "ಮಿಸ್ಟರ್ ವೃಷಭೇಂದ್ರಪ್ಪ, ಆಬ್ಸೆನ್ಸ್ ಆಲ್ಸೋ…" ಎಂದು ಏನೋ ಹೇಳಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಮುಂದಿನ ಮಾತು ಮರೆತಿದೆ. ಬಹುಶಃ ನಾನು ಹಿಂದಿನ ದಿನ ಕ್ಲಾಸಿಗೆ ಹೋಗಿರಲಿಲ್ಲ.

ಯೋಚನೆ ಇದು. ನೀವೆಲ್ಲ ಕೆಟ್ಟ ಮನೆಯ ಮೇಲೆ ಕೆಟ್ಟ ಗುರುತು ಹುಡುಕುತ್ತಿದ್ದೀರಿ. ನಮ್ಮ ಬೀದಿಯಲ್ಲಿ ಯಾರೂ ಹಾಗೆ ಹುಡುಕುವುದಿಲ್ಲ. ಸಾವಾದ ಮನೆ, ಜ್ವರದ ಮನೆ, ಜಗಳದ ಮನೆ, ಒಂದೊಂದಕ್ಕೂ ಬೇರೆ ಗುರುತು ಕಲಿಯುತ್ತ ಕೂರುತ್ತಾರೆಯೇ? ಇರಬೇಕಾದ ರಂಗೋಲಿ ಇಲ್ಲ, ಅಷ್ಟೇ ನೋಡುವುದು. ಒಳಗೆ ಏನಾಗಿದೆ ಎಂಬುದನ್ನು ಒಳಗೆ ಹೋದ ಮೇಲೆ ತಿಳಿಯುತ್ತಾರೆ. ಒಳ್ಳೆಯ ಕೋಶವೂ ದಿನಾ ಬೆಳಿಗ್ಗೆ ತನ್ನ ಬಾಗಿಲಿಗೆ ಏನಾದರೂ ಹಾಕುತ್ತದೆಯೋ ಏನೋ, ನೋಡು. ಕೆಟ್ಟದ್ದಕ್ಕೆ ಹಾಕಲು ಆಗದೆ ಹೋಗಿರಬಹುದು. ನಿನ್ನ ಬಿಳಿ ಕಣಕ್ಕೆ ಪಾಠ ಯಾಕೆ ಬೇಕಾಗಲಿಲ್ಲ ಎಂಬುದಕ್ಕೂ ಇದು ಉತ್ತರವಾಗುತ್ತದೆ. ತನ್ನ ಊರಿನ ರಂಗೋಲಿ ಗೊತ್ತಿದ್ದರೆ ಸಾಕಲ್ಲ.

ಇನ್ನೊಂದು ಸಂತೋಷದ ವಿಷಯ. ಎಲೆಅಡಿಕೆ, ಹೊಗೆಸೊಪ್ಪು ಎರಡೂ ಬಿಟ್ಟೆ. ನಿನ್ನ ಮಾತೆಂದರೆ ಮಾತು. ಕೆಂಪಾಜಮ್ಮ ನಂಬಲೇ ಇಲ್ಲ.

ಊಟ ಈಗೀಗ ಮಜ್ಜಿಗೆ ಅನ್ನ. ಮೈಗೆ ಸ್ವಲ್ಪ ಉಷ್ಣವಾಗಿದೆ. ದಿನಕ್ಕೆ ಪಾವಿನ ಬದಲು ಒಂದು ಸೇರು ಹಾಲು ತೆಗೆದುಕೊಳ್ಳುತ್ತಿದ್ದೇನೆ.

ನಿನ್ನ ಮಾವ,
ವೃ.


ಮುಂಬಯಿ
7-8-1977

ಮಾವ,

ಹೊಗೆಸೊಪ್ಪು ಬಿಟ್ಟಿರೆಂದು ಓದಿ ನಾನು ಇಲ್ಲಿ ಎಲ್ಲರಿಗೂ ಪೇಡೆ ಹಂಚಿದೆ. ಯಾಕೆಂದು ಕೇಳಿದವರಿಗೆ ನನ್ನ ಮಾವ ಪಾಸಾದರು ಅಂದೆ.

ನಿಮ್ಮ ಯೋಚನೆಯನ್ನು ಚಹಾದ ಹೊತ್ತಿನಲ್ಲಿ ನಮ್ಮ ಲ್ಯಾಬಿನ ದೊಡ್ಡವರಿಗೆ ಹೇಳಿದೆ. ಅವರು ಒಳ್ಳೆಯವರು, ನಕ್ಕರು. ಇರುವುದನ್ನು ಹಿಡಿಯಲು ಪ್ರಯೋಗ ಮಾಡಬಹುದು, ಇಲ್ಲದ್ದನ್ನು ಯಾವ ಸೀಸೆಯಲ್ಲಿ ಹಿಡಿಯುತ್ತೀ ಎಂದು ಕೇಳಿದರು. ನನಗೆ ನಗು ಬರಲಿಲ್ಲ. ಯಾಕೆಂದರೆ ಪ್ರತಿ ಕೋಶದ ಮೈಮೇಲೂ ಇದು ನಮ್ಮದೇ ಎಂದು ಹೇಳುವ ಗುರುತುಗಳು ನಿಜವಾಗಿಯೂ ಇವೆ. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಅವು ಕಡಿಮೆಯಾಗಿರುತ್ತವೆಂದು ಓದಿದ್ದೇನೆ. ಇದಕ್ಕೂ ಅದಕ್ಕೂ ನಂಟು ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಿಮ್ಮದು ಒಂದು ಊಹೆ, ಅಷ್ಟೇ. ಆದರೆ ರಾತ್ರಿ ಮಲಗುವಾಗ ಅದೇ ತಲೆಯಲ್ಲಿರುತ್ತದೆ.

ಒಂದು ಪ್ರಶ್ನೆ ಮಾತ್ರ ಬಿಡಿಸಲು ಆಗಲಿಲ್ಲ. ಒಳಗೆ ಕೆಟ್ಟಿದ್ದೂ ಬಾಗಿಲಿಗೆ ರಂಗೋಲಿ ಹಾಕಿಕೊಂಡ ಮನೆಯಿದ್ದರೆ? ಅತ್ತೆಯ ನೆನಪಾಯಿತು. ಎದೆಯ ಗಂಟು ಅಷ್ಟು ದೊಡ್ಡದಾಗುವವರೆಗೂ ಒಂದು ದಿನ ರಂಗೋಲಿ ತಪ್ಪಿಸಲಿಲ್ಲ. ಬೀದಿಯವರು ಯಾರೂ ಒಳಗೆ ಬರಲಿಲ್ಲ. ಆದರೆ ಮಾವ, ಆ ವರ್ಷ ರಂಗೋಲಿ ಚಿಕ್ಕದಾಗುತ್ತ ಬಂದಿತ್ತು. ತೇರಿನಷ್ಟು ಅಗಲ ಹಾಕುತ್ತಿದ್ದವರು ತಟ್ಟೆಯಷ್ಟಕ್ಕೆ ಬಂದಿದ್ದರು. ಬಲಗೈ ಮೇಲೆ ಏಳುತ್ತಿರಲಿಲ್ಲ. ಈಗ ಯೋಚಿಸಿದರೆ ಎಲ್ಲ ಕಾಣುತ್ತದೆ.

ಬೇಸರ ಬೇಡ. ದೀಪಾವಳಿಗೆ ಬರುತ್ತೇನೆ. ಉಪ್ಪೆಸರು ಖಾರ ಅರೆದಿಡಿ, ನೆತ್ತಿಗೆ ಹತ್ತುವ ಹಾಗೆ.

ನಿಮ್ಮ
ರತ್ನ


ಹನೂರು
4-9-1977

ಚಿ. ರತ್ನಳಿಗೆ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ. ವ್ಯಾಪಾರ ಪರವಾಗಿಲ್ಲ. ಗೌರಿ ಹಬ್ಬ ಹತ್ತಿರವಾದದ್ದರಿಂದ ಶಾಗ್ಯದವರು ಸೀರೆಗೆ ಬರುತ್ತಿದ್ದಾರೆ. ಊಟ ಆಯಿತು. ಯಳಂದೂರಿನಲ್ಲಿ ನನ್ನ ತಂಗಿ, ನಿಮ್ಮವ್ವನೂ ಚೆನ್ನಾಗಿದ್ದಾಳೆ. ಮೆಂತ್ಯ ನೆನೆಸಿ ಕುಡಿಯುತ್ತಿದ್ದೇನೆ, ಉಷ್ಣ ಇಳಿಯಬೇಕು.

ದೀಪಾವಳಿಗೆ ಬರುವುದಾಗಿ ಬರೆದಿದ್ದೀ. ಅಷ್ಟು ದೂರ ಬಂದು ಹೋಗುವುದು ಸುಮ್ಮನೆ ದಣಿವು. ನಿನ್ನ ಪ್ರಯೋಗ ನಡೆಯುವ ಹೊತ್ತು, ಮಧ್ಯೆ ಬಿಡಬೇಡ. ಮುಂದಿನ ಬೇಸಿಗೆಗೆ ನೋಡೋಣ.

ರಂಗೋಲಿ ತಪ್ಪದೆ ಹಾಕುತ್ತಿದ್ದೇನೆ.

ಇತಿ,
ವೃಷಭೇಂದ್ರಪ್ಪ


ಮುಂಬಯಿ
14-9-1977

ಮಾವ,

ನಿಮ್ಮ ನಾಲ್ಕನೆಯ ತಾರೀಖಿನ ಕಾಗದ ನನ್ನ ಮುಂದಿದೆ. ಅದರಲ್ಲಿ ತಪ್ಪೇನೂ ಇಲ್ಲ. ಕ್ಷೇಮ ಇದೆ, ವ್ಯಾಪಾರ ಇದೆ, ಅವ್ವ ಇದ್ದಾಳೆ. ನೀವು ಮಾತ್ರ ಇಲ್ಲ. ಒಂದು ಇಂಗ್ಲಿಷ್ ಮಾತಿಲ್ಲ, ಕೆಂಪಾಜಮ್ಮನ ಮೇಲೊಂದು ದೂರಿಲ್ಲ, ಏನು ಬೇಯಿಸಿದಿರಿ ಎಂಬುದಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ನೀವು ಊಟ ಆಯಿತು ಎಂದು ಎರಡು ಮಾತಿನಲ್ಲಿ ಮುಗಿಸಿದ್ದಿಲ್ಲ.

ಹಿಂದಿನದನ್ನೂ ತೆಗೆದು ಓದಿದೆ. ಆಷಾಢದ ಗಾಳಿಯಲ್ಲಿ ನಿಮಗೆ ಉಷ್ಣ ಎಲ್ಲಿಂದ ಬಂತು? ಖಾರ ನಿಂತಿದೆ. ಮಜ್ಜಿಗೆ ಬಂದಿದೆ. ಹಾಲು ಹೆಚ್ಚಾಗಿದೆ. ಅತ್ತೆ ಇಪ್ಪತ್ತು ವರ್ಷ ಬೇಡಿಕೊಂಡರೂ ಬಿಡದ ಹೊಗೆಸೊಪ್ಪನ್ನು ನನ್ನ ಒಂದು ಸಾಲಿಗೆ ಬಿಟ್ಟಿರೆಂದು ನಾನು ಪೇಡೆ ಹಂಚಿದೆ. ನನಗಾಗಿ ಬಿಟ್ಟದ್ದಲ್ಲ, ಉರಿಯುತ್ತದೆಂದು ಬಿಟ್ಟದ್ದು. ಹೌದೋ ಅಲ್ಲವೋ?

ಬಾಯಲ್ಲಿ ಹುಣ್ಣಿದ್ದರೆ, ಎರಡು ವಾರದಲ್ಲಿ ಮಾಯದೆ ಇದ್ದರೆ, ಅದು ಉಷ್ಣವಲ್ಲ ಮಾವ. ಮೆಂತ್ಯಕ್ಕೆ ಹೋಗುವುದಲ್ಲ. ಬೇಗ ತೋರಿಸಿದವರು ವಾಸಿಯಾಗಿ ಹೋಗುವುದನ್ನು ಇಲ್ಲಿ ನೋಡಿದ್ದೇನೆ. ತಡವಾಗಿ ಬಂದವರನ್ನೂ ನೋಡಿದ್ದೇನೆ.

ಅತ್ತೆಯ ಹತ್ತಿರ ಕೂರಲು ಕಾಲೇಜು ಬಿಟ್ಟ ಒಂದು ವರ್ಷವನ್ನು ನೀವು ಇನ್ನೂ ನನ್ನ ನಷ್ಟವೆಂದು ಎಣಿಸುತ್ತೀರಿ, ಗೊತ್ತು. ಅದಕ್ಕೇ ನೀವು ನನಗೆ ಹೇಳುತ್ತಿಲ್ಲ, ಅದೂ ಗೊತ್ತು. ಅದು ನನಗೆ ನಷ್ಟವಾಗಿಲ್ಲ.

ಕಾಗದ ಕಂಡ ಕೂಡಲೇ ಬರೆಯಿರಿ.

ರತ್ನ


ಮುಂಬಯಿ
30-9-1977

ಮಾವ,

ಉತ್ತರ ಬರಲಿಲ್ಲ. ದಿನವೂ ಟಪಾಲಿನವನನ್ನು ಕಾಯುತ್ತಿದ್ದೇನೆ. ಮುಂದಿನ ವಾರ ಕೆಲಸಕ್ಕೆ ರಜೆ ಬರೆದುಕೊಟ್ಟು ಹೊರಡುತ್ತೇನೆ. ಕೆಲಸ ಉಳಿಯುತ್ತದೋ ಇಲ್ಲವೋ ಆಮೇಲೆ ನೋಡೋಣ. ಕಾರ್ಡಿನಲ್ಲಿ ಇಷ್ಟೇ ಬರೆಯಲಾಗುವುದು.

ರತ್ನ


ಹನೂರು
6-10-1977

ಹೊರಡಬೇಡ ರತ್ನ, ಮೊದಲು ಅದನ್ನು ಹೇಳಿಬಿಡುತ್ತೇನೆ. ತಂತಿಯೂ ಕೊಟ್ಟು ಬಂದಿದ್ದೇನೆ, ಈ ಕಾಗದಕ್ಕಿಂತ ಮುಂಚೆ ಸಿಗುತ್ತದೆ. ಡೋಂಟ್ ಟೇಕ್ ಲೀವ್, ಸ್ಟಾರ್ಟಿಂಗ್ ಸೆಲ್ಫ್. ಸರಿಯಾದ ಇಂಗ್ಲಿಷೋ ಅಲ್ಲವೋ ತಿಳಿಯದು, ಕೊಳ್ಳೇಗಾಲದ ತಂತಿ ಗುಮಾಸ್ತ ಏನೂ ಅನ್ನದೆ ಕಳಿಸಿದ.

ನಿನ್ನ ಕಾಗದ ಬಂದ ದಿನವೇ ಕನ್ನಡಿಯಲ್ಲಿ ನೋಡಿಕೊಂಡೆ. ಎಡದ ಕೆನ್ನೆಯ ಒಳಗೆ, ಹೊಗೆಸೊಪ್ಪು ಇಡುತ್ತಿದ್ದ ಜಾಗದಲ್ಲೇ, ಒಂದು ಬಿಳಿಯ ತೇಪೆ, ಮಧ್ಯೆ ಹುಣ್ಣು. ಆಷಾಢದಿಂದ ಇದೆ. ಉಷ್ಣ ಎಂದುಕೊಂಡಿದ್ದೆ, ಅದು ಸುಳ್ಳಲ್ಲ. ಉಷ್ಣ ಎಂದುಕೊಂಡರೆ ಹಾಯಾಗಿತ್ತು, ಅದೂ ಸುಳ್ಳಲ್ಲ. ನಿನಗೆ ಬರೆಯಲು ಕೂತು ಎಷ್ಟೋ ಹಾಳೆ ಹರಿದೆ. ಯಾವ ಸಾಲು ಬರೆದರೂ ನೀನು ಪೆಟ್ಟಿಗೆ ಕಟ್ಟಿಕೊಂಡು ರೈಲು ಹತ್ತುವುದೇ ಕಾಣುತ್ತಿತ್ತು. ಇಲ್ಲಿ ಯಾರಿಗಾದರೂ ಹೇಳೋಣವೆಂದರೆ, ಅಂಗಡಿಗೆ ಬಂದವರ ಮುಂದೆ ಬಾಯಿ ತೆರೆದು ತೋರಿಸುವುದು ಹೇಗೆ? ಏನಂತ ಶುರುಮಾಡುವುದು? ನಿನಗೆ ಗೊತ್ತು, ನಾನು ಬೇಡದ ಮಾತು ಎಷ್ಟಾದರೂ ಆಡುತ್ತೇನೆ.

ನಿನ್ನೆ ನಿನ್ನ ಕಾರ್ಡು ಬಂತು. ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ರಂಗೋಲಿ ಬಟ್ಟಲು ಕೈಗೆ ತೆಗೆದುಕೊಂಡೆ. ಮೀಟರ್ ಕೋಲೂ ತೆಗೆದುಕೊಂಡೆ. ಹೊಸಲಿನವರೆಗೆ ಹೋಗಿ ಎರಡನ್ನೂ ಒಳಗೆ ಇಟ್ಟು, ಬಾಗಿಲು ತೆರೆದಿಟ್ಟು, ನಡುಮನೆಯಲ್ಲಿ ಕೂತೆ. ಅಷ್ಟೇ ನನ್ನಿಂದ ಆದದ್ದು.

ಕೆಂಪಾಜಮ್ಮ ಬಂದಳು. ಹಾಲಿನ ಕ್ಯಾನು ಇಳಿಸಿದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಬೋಳು ಬಾಗಿಲು ನೋಡುತ್ತ ನಿಂತಿದ್ದಳೆಂದು ಕಾಣುತ್ತದೆ. ಇಷ್ಟು ವರ್ಷ ಹೊಸಲು ದಾಟದವಳು ಸೀದಾ ಒಳಗೆ ಬಂದಳು.

"ಯಾಕ್ ಸಾವ್ಕಾರ್ರೆ, ಟವಲ್ ಆಸ್ನಿಲ್ವಾ ಇವತ್ತು?"

ನಾನು ಕೆನ್ನೆ ಮುಟ್ಟಿ ತೋರಿಸಿದೆ. ಅವಳು ಗದ್ದ ಹಿಡಿದು ನನ್ನ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿದಳು, ಎಮ್ಮೆಕರುವಿಗೆ ಮದ್ದು ಹುಯ್ಯುವಾಗ ತಿರುಗಿಸುವ ಹಾಗೆ.

"ಬಾಯ್ ಬುಡಿ. ಇನ್ನೂ ಬುಡಿ."

ನೋಡಿದಳು. ಕೈ ತೆಗೆದಳು. ಆಮೇಲೆ ಮೆಲ್ಲಗೆ ಹೇಳಿದಳು: "ಒಂದ್ ಸೇರ್ ಆಲು ಕೇಳ್ದಾಗ್ಲೇ ನಾನ್ ಕೇಳ್ಬೇಕಿತ್ತು ಕಣ್ರಿ. ಬಾಗ್ಲಲ್ಲಿ ಗೆರೆ ಇತ್ತಲ್ಲ, ಚೆಂದಾಗವ್ರೆ ಅಂದ್ಕಂಡು ಓಯ್ತಿದ್ದೆ."

ನೀನು ಆಗಸ್ಟಿನಲ್ಲಿ ಕೇಳಿದ ಪ್ರಶ್ನೆ ಅದೇ ಅಲ್ಲವೇ ರತ್ನ, ರಂಗೋಲಿ ಹಾಕಿಕೊಂಡ ಕೆಟ್ಟ ಮನೆಯದು. ಉತ್ತರ ನನಗೂ ಪೂರ್ತಿ ತಿಳಿಯಲಿಲ್ಲ. ಬರೀ ಬಾಗಿಲು ನೋಡಿದರೆ ಸಾಲದು, ಹಾಲಿನ ಲೆಕ್ಕವನ್ನೂ ನೋಡಬೇಕು ಅಂತ ಕಾಣುತ್ತದೆ. ಇಲ್ಲದ್ದನ್ನೂ ನೋಡಬೇಕು, ಹೆಚ್ಚಾದದ್ದನ್ನೂ ನೋಡಬೇಕು. ನಿಮ್ಮ ದೊಡ್ಡವರಿಗೆ ಹೇಳು, ನಗಲಿ.

ಅವಳು ಬಿಡಲಿಲ್ಲ. ಉಳಿದ ಮನೆಗಳ ಹಾಲನ್ನು ಸೊಸೆಯ ಕೈಯಲ್ಲಿ ಕಳಿಸಿ, ನನಗೆ ಅಂಬಲಿ ಕಾಯಿಸಿ ಆರಿಸಿ ಕುಡಿಸಿ, ಕೊಳ್ಳೇಗಾಲದ ಬಸ್ಸಿಗೆ ಕೂರಿಸಿ, ತಾನೂ ಹತ್ತಿದಳು. ದಾರಿಯುದ್ದಕ್ಕೂ ಬೈದಳು. ಕಂಡಕ್ಟರ್ ನನ್ನ ಕಡೆ ನೋಡಿ ಮರುಕಪಟ್ಟ. ಡಾಕ್ಟರು ಟಾರ್ಚ್ ಹಾಕಿ ನೋಡಿದರು, ಕುತ್ತಿಗೆಯ ಸುತ್ತ ಒತ್ತಿ ಒತ್ತಿ ನೋಡಿದರು. ಹುಣ್ಣು ಇನ್ನೂ ಚಿಕ್ಕದಂತೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿಲ್ಲವಂತೆ. ಚೂರು ತೆಗೆದು ಪರೀಕ್ಷೆ ಮಾಡದೆ ಏನೂ ಹೇಳಲಾಗದು, ಆದರೆ ಒಂದು ವಾರವೂ ತಡ ಮಾಡಬೇಡಿ ಅಂದರು. ಬೆಂಗಳೂರಿಗೆ ಬರೆದುಕೊಡಲೇ ಎಂದು ಕೇಳಿದರು. ಬೊಂಬಾಯಿಗೆ ಬರೆದುಕೊಡಿ, ಅಲ್ಲಿ ನನ್ನ ಹುಡುಗಿ ಇದ್ದಾಳೆ ಅಂದೆ. ಹಾಗಾದರೆ ನೀನು ರಜೆ ಹಾಕಬೇಕಿಲ್ಲ ನೋಡು. ಬೆಳಿಗ್ಗೆ ಕೆಲಸ ಮಾಡು, ಸಾಯಂಕಾಲ ಪಕ್ಕದ ಕಟ್ಟಡಕ್ಕೆ ಬಂದು ನನ್ನನ್ನು ಬೈದು ಹೋಗು. ನಿನ್ನ ಯಂತ್ರಕ್ಕೆ ನನ್ನ ರಕ್ತ ಬೇಕಾದರೆ ಅದನ್ನೂ ತೆಗೆದುಕೋ. ನನ್ನ ಕಣಗಳು ನನ್ನ ಹಾಗೆಯೇ ಇದ್ದರೆ ಕೊಲ್ಲುವುದಕ್ಕೆ ಮುಂಚೆ ಬಹಳ ಮಾತಾಡುತ್ತವೆ.

ಹೆಸರಿನ ವಿಷಯ ಒಂದು ಉಳಿಯಿತು. ಬೋಳು ಬಾಗಿಲು ಕಂಡು ಒಳಗೆ ನುಗ್ಗಿದವಳನ್ನು ನಾನು ಇವತ್ತು ಕಣ್ಣಾರೆ ಕಂಡೆ. ಕಿಲ್ಲರ್ ಎಂದು ಹೆಸರಿಟ್ಟವರು ನಮ್ಮ ಬೀದಿಯವರಲ್ಲ. ಬೇರೆ ಹೆಸರು ಹುಡುಕಲು ಹೇಳು. ನನಗೆ ಇಂಗ್ಲಿಷಿನಲ್ಲಿ ತೋಚುತ್ತಿಲ್ಲ.

ನಾಳಿದ್ದು ಮೈಸೂರು ಬಸ್ಸು, ಅಲ್ಲಿಂದ ರೈಲು. ನಿಮ್ಮವ್ವನಿಗೆ ಯಳಂದೂರಿನಲ್ಲಿ ಇಳಿದು ನಾನೇ ಹೇಳಿ ಬರುತ್ತೇನೆ, ಅತ್ತರೆ ಅಳಲಿ. ಅಂಗಡಿಯ ಬೀಗದ ಕೈ ಕೆಂಪಾಜಮ್ಮನ ಹತ್ತಿರ ಇರುತ್ತದೆ. ಈಗ ತಾನೇ ಬಂದು, ನೀವಿಲ್ಲದಾಗ ಬಾಗಿಲಿಗೆ ನಾನೇ ಒಂದು ಎಳೆ ಹಾಕುತ್ತೇನೆ, ಬೋಳಾಗಿದ್ದರೆ ಬೀದಿಯವರೆಲ್ಲ ನಿಂತು ಕೇಳುತ್ತಾರೆ ಅಂದಳು. ಬೇಡ ಅಂದೆ. ನಾನು ವಾಪಸು ಬಂದು ಮೀಟರ್ ಕೋಲು ಹಿಡಿಯುವವರೆಗೆ ಹಾಗೇ ಇರಲಿ. ಕೇಳಲಿ. ಕೇಳಿದವರಿಗೆ ಇದ್ದದ್ದು ಇದ್ದ ಹಾಗೆ ಹೇಳು ಅಂದೆ.

ಅವಳು ಇನ್ನೂ ಹೊಸಲ ಹತ್ತಿರವೇ ಕೂತಿದ್ದಾಳೆ, ಹೋಗು ಅಂದರೂ ಹೋಗಿಲ್ಲ. ಕರೆಂಟು ಮಧ್ಯಾಹ್ನವೇ ಹೋಯಿತು. ಬೀದಿಯ ಆ ಕಡೆ ಬಿಸಿಲು ಮಾಡಿನ ಮೇಲಿಂದಲೂ ಜಾರಿತು, ನನ್ನ ಅಕ್ಷರ ನನಗೇ ಕಾಣುತ್ತಿಲ್ಲ, ಇಲ್ಲಿಗೆ ನಿಲ್ಲಿಸುತ್ತೇನೆ.